ಕೊಳದ ಬೋರ್ಡಿಗೆ ನಾನು ಬರೆದ ಸಾಲು

ಹಳೇಬೀಡಿನ ಆಸುಪಾಸಿನ ಹಳೆಯ ಕೊಳಗಳನ್ನು ಪಟ್ಟಣದ ಹೊಸ ಯೋಜನೆಗೆ ಸೇರಿಸಿದಾಗ ನಮ್ಮೂರಿನ ಮೆಟ್ಟಿಲುಕೊಳಕ್ಕೂ ಅದೃಷ್ಟ ಖುಲಾಯಿಸಿತು. ಹೂಳು ತೆಗೆದರು, ಸುತ್ತ ಕಲ್ಲು ಹಾಸಿದರು. ಊರವರೂ ಭಾಗವಹಿಸಬೇಕೆಂದು ಒಂದು ಸಮಿತಿ ಮಾಡಿ, ಕೊಳದ ಪಕ್ಕದಲ್ಲೇ ಶಾಮಿಯಾನ ಹಾಕಿಸಿ, ಹಿರಿಯರೆಲ್ಲ ತಮ್ಮ ನೆನಪು ಹೇಳಲಿ, ಅದನ್ನು ಕೊಳದ ಮುಂದೆ ಬೋರ್ಡಿನಲ್ಲಿ ಬರೆಸೋಣ ಎಂದರು.

ಒಬ್ಬರು ಈಜು ಕಲಿತದ್ದನ್ನು ಹೇಳಿದರು, ಇನ್ನೊಬ್ಬರು ನೀರಿನ ರುಚಿ ಹೊಗಳಿದರು. ಆಮೇಲೆ ನಮ್ಮವ್ವ ಎದ್ದು ನಿಂತಳು. ಸಭೆಯಲ್ಲಿ ಅವಳು ಬಾಯಿ ತೆರೆದದ್ದು ಅದೇ ಮೊದಲು.

"ನಮ್ ಕೇರಿಯೋರ್ನ ಕೆಳೀಕೆ ಇಳಿಯಾಕ್ ಬಿಡ್ತಿರ್ಲಿಲ್ಲ. ಮೇಲ್ಗಡೆ ಬಿಂದಿಗೆ ಇಟ್ಕಂಡು ನಿಂತಿರ್ತಿದ್ವಿ. ಯಾರಾದ್ರೂ ಮನಸ್ ಮಾಡಿ ಎತ್ರದಿಂದ ಹುಯ್ಯೋರು. ಅರ್ಧ ನೆಲಕ್ಕೇ ಹೋಗದು."

ಅಷ್ಟು ಹೇಳಿ ಕುಳಿತಳು. ಮೈಕು ಮುಂದಿನವರ ಕೈಗೆ ಹೋಯಿತು.

ವಾರ ಕಳೆದ ಮೇಲೆ ಸಮಿತಿಯ ಹಿರಿಯರೊಬ್ಬರು ನಾನು ಪಾಠ ಮಾಡುವ ಶಾಲೆಗೇ ಬಂದರು. "ಮೇಡಂ, ಬೋರ್ಡಿಗೆ ಒಂದ್ ಸಾಲು ನೀವೇ ಬರ್ಕೊಡ್ಬೇಕು. ನಿಮ್ಮಷ್ಟು ಓದ್ಕಂಡೋರು ಊರಲ್ಲಿ ಯಾರವ್ರೆ? ಎಲ್ರೂ ಒಪ್ಪೋ ಹಂಗಿರ್ಲಿ."

ಅವರ ಮನೆಯ ಅಂಗಳವನ್ನು ದಾಟಿ ನಮ್ಮಪ್ಪ ಒಂದು ದಿನವೂ ಒಳಗೆ ಹೋದವನಲ್ಲ. ಅಂಥವರು ನನ್ನೆದುರು ಕೈಮುಗಿದು ನಿಂತಾಗ ಉಬ್ಬಿಹೋದೆ. ಸುಳ್ಳೇಕೆ ಹೇಳಲಿ, ಅವತ್ತು ನನಗೆ ಅವ್ವನ ಮಾತಿಗಿಂತ ಆ ಮರ್ಯಾದೆಯೇ ದೊಡ್ಡದಾಯಿತು. ಮಕ್ಕಳಿಗೆ ನಿಜ ಹೇಳಬೇಕೆಂದು ಗದರುವ ಅದೇ ಮೇಜಿನ ಮೇಲೆ, "ಊರಿನವರೆಲ್ಲ ಒಂದಾಗಿ ಈ ಕೊಳದ ನೀರನ್ನು ಬಳಸುತ್ತಿದ್ದರು" ಎಂದು ದುಂಡಗೆ ಬರೆದುಕೊಟ್ಟೆ. ಮನೆಯಲ್ಲಿ ಮಾತ್ರ ಈ ವಿಷಯ ಬಾಯಿಬಿಡಲಿಲ್ಲ.

ಬೋರ್ಡು ನಿಲ್ಲಿಸಿದ ಭಾನುವಾರ ಅವ್ವ ಒಳ್ಳೆಯ ಸೀರೆ ಉಟ್ಟು ನನ್ನನ್ನೂ ಹೊರಡಿಸಿದಳು. ಅವಳಿಗೆ ಓದು ಬರದು.

"ನಾನ್ ಹೇಳಿದ್ದು ಹಾಕವ್ರಾ? ಓದು ನೋಡಾನ."

ಇದ್ದದ್ದನ್ನೇ ಓದಿದೆ. ಅವ್ವ ಬೋರ್ಡನ್ನೇ ನೋಡುತ್ತ ನಿಂತಳು.

"ಯಾರೇ ಇದ ಬರ್ದಿರದು?"

"ಗೊತ್ತಿಲ್ಲ ಕಣವ್ವ," ಎಂದೆ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ನನ್ನ ತೋಳು ಹಿಡಿದು ಮನೆಯ ಕಡೆ ತಿರುಗಿದಳು.

"ಹೋಗ್ಲಿ ಬಿಡು, ಪಾಪ, ಅವ್ರಿಗೇನ್ ಗೊತ್ತು. ನಿನ್ನ ಕೇಳಿದ್ರೆ ಸರಿಯಾಗಿ ಬರ್ಕೊಡ್ತಿದ್ದೆ."