ಬೇಬಿ ಕಸ್ತೂರಿಯ ಎರಡನೇ ರೊಟ್ಟಿ

ಆಗ ನಮ್ಮ ಕಡೆ ನಾಟಕದಲ್ಲಾಗಲಿ ಸಿನಿಮಾದಲ್ಲಾಗಲಿ ಪಾತ್ರ ಮಾಡುವ ಮಕ್ಕಳಿಗೆ ಬರೀ ಹೆಸರು ಸಾಕಾಗುತ್ತಿರಲಿಲ್ಲ. ಹುಡುಗಿಯಾದರೆ ಹೆಸರಿಗೆ ಮೊದಲು ಬೇಬಿ, ಹುಡುಗನಾದರೆ ಮಾಸ್ಟರ್. ಮಸ್ಕಿಯ ಬಸ್ ಸ್ಟ್ಯಾಂಡಿನ ಗೋಡೆಗೆ ಹೊಸ ಪೋಸ್ಟರ್ ಬಿತ್ತೆಂದರೆ ನಾವು ನಾಯಕ ಯಾರು, ನಾಯಕಿ ಯಾರು ಅಂತ ನೋಡುತ್ತಲೇ ಇರಲಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ಬೇಬಿ ಯಾರು, ಮಾಸ್ಟರ್ ಯಾರು ಅಂತ ಹುಡುಕುತ್ತಿದ್ದೆವು. ನಮ್ಮ ವಯಸ್ಸಿನವರೊಬ್ಬರು ಪೋಸ್ಟರಿನಲ್ಲಿ ಇದ್ದಾರೆ ಅನ್ನುವುದೇ ನಮಗೆ ದೊಡ್ಡ ಸಂಗತಿ.

ನಾವು ಅಂದರೆ ಮೂವರು. ಆರನೇ ಕ್ಲಾಸಿನ ಹುಡುಗಿ ನಾನು, ಸೈಕಲ್ ರಿಪೇರಿ ಅಂಗಡಿಯವರ ಮಗ ಮೈಬೂಬ, ನಮ್ಮ ಓಣಿಯ ಬಸಲಿಂಗ. ಊಟದ ಬಿಡುವಿನಲ್ಲಿ ಶಾಲೆಯ ಬೇವಿನ ಮರದ ಕಟ್ಟೆಗೆ ಕೂತರೆ ಒಂದೇ ಮಾತು: ಎಲ್ಲರಿಗಿಂತ ದೊಡ್ಡ ಬಾಲನಟ ಯಾರು? ನನ್ನ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಐದು ಹೆಸರಿನ ಪಟ್ಟಿ ಇತ್ತು. ಮೂವರೂ ಒಪ್ಪಿದರೆ ಮಾತ್ರ ಒಂದು ಹೆಸರು ಮೇಲೆ ಏರಬೇಕು, ಇಲ್ಲವೇ ಕೆಳಗೆ ಇಳಿಯಬೇಕು. ಪಟ್ಟಿ ನನ್ನ ಹತ್ತಿರ ಇದ್ದದ್ದು ನನ್ನ ಅಕ್ಷರ ದುಂಡಗಿದ್ದವು ಅಂತಲ್ಲ. ಆ ಇಬ್ಬರೂ ನನ್ನ ಬಾಯಿಗೆ ಹೆದರುತ್ತಿದ್ದರು.

ಮೈಬೂಬನ ಪಾಲಿಗೆ ಒಬ್ಬ ಹಿಂದಿ ಹುಡುಗನೇ ಬಾದಶಹ. ಆ ಹುಡುಗ ಅಂಗಡಿಯಿಂದ ರೊಟ್ಟಿ ಕದ್ದು ಓಡುತ್ತಾನೆ, ಓಡುತ್ತಾ ಓಡುತ್ತಾ ಅವನ ಕಾಲು ದೊಡ್ಡ ಹೀರೋನ ಕಾಲಾಗಿಬಿಡುತ್ತದೆ.

"ಅವನಂಗ ಓಡೋರು ಯಾರದಾರ ಹೇಳಬೇ," ಅಂತಿದ್ದ ಮೈಬೂಬ.

"ಓಡೋದು ಆಕ್ಟಿಂಗ್ ಏನಲೇ? ಹಂಗಾದ್ರ ನಮ್ಮ ಎಮ್ಮಿ ಕರಾನೂ ಓಡ್ತೈತಿ," ಅಂತಿದ್ದೆ ನಾನು.

ಬಸಲಿಂಗನಿಗೆ ದೇವರ ಸಿನಿಮಾಗಳಲ್ಲಿ ಹಾವಿಗೆ ಹಾಲೆರೆಯುವ ಹುಡುಗಿಯೇ ಹೆಚ್ಚು. ಅವಳ ಮಾತು ಬಂದರೆ ಚಪ್ಪಲಿ ಬಿಟ್ಟು ಕೂಡುತ್ತಿದ್ದ ಪುಣ್ಯಾತ್ಮ. ಹೀಗೆ ದಿನಾ ಜಗಳವಾಗುತ್ತಿತ್ತು, ಗಂಟೆ ಹೊಡೆಯುತ್ತಿತ್ತು, ಪಟ್ಟಿ ಇದ್ದಲ್ಲೇ ಇರುತ್ತಿತ್ತು.

ಆ ವರ್ಷ ಕಾಲುವೆ ಕೆಳಗಿನ ಭತ್ತದ ಸುಗ್ಗಿ ಮುಗಿದ ಮೇಲೆ, ಲಿಂಗಸುಗೂರಿನ ಕ್ಯಾಂಪ್ ಮುಗಿಸಿ ಒಂದು ನಾಟಕ ಕಂಪನಿ ಮಸ್ಕಿಗೆ ಬಂತು. ಬಯಲಿನಲ್ಲಿ ತಗಡಿನ ಥೇಟರ್ ಎದ್ದಿತು. ಕಂಪನಿಯವರ ಮಕ್ಕಳು ಹೋದ ಊರಲ್ಲೆಲ್ಲ ಎರಡು ಮೂರು ತಿಂಗಳ ಮಟ್ಟಿಗೆ ಶಾಲೆಗೆ ಸೇರುವುದು ರೂಢಿ. ಹಾಗೆ ಒಂದು ಸೋಮವಾರ ಹೆಡ್ ಮಾಸ್ತರರ ಹಿಂದೆ ಒಬ್ಬ ಹುಡುಗಿ ನಮ್ಮ ಕ್ಲಾಸಿಗೆ ಬಂದಳು. ತೆಳ್ಳಗೆ, ಸಣ್ಣಗೆ, ನಾಲ್ಕನೇ ಕ್ಲಾಸಿನವಳ ಹಾಗೆ ಕಾಣುತ್ತಿದ್ದಳು. ಕಿವಿಯ ಹಿಂದೆ ತೊಳೆಯುವಾಗ ಉಳಿದ ಗುಲಾಬಿ ಬಣ್ಣ. ಹೆಸರು ಕಸ್ತೂರಿ ಅಂದಳು. ಬಸ್ ಸ್ಟ್ಯಾಂಡಿನ ಗೋಡೆಯ ಮೇಲಿದ್ದ ಬೇಬಿ ಕಸ್ತೂರಿ! ಪಕ್ಕದವಳನ್ನು ಬೆಂಚಿನಿಂದ ನೂಕಿ ಅವಳನ್ನು ಕೂರಿಸಿಕೊಂಡೆ.

ಮಧ್ಯಾಹ್ನ ಕಟ್ಟೆಗೆ ಕರೆದುಕೊಂಡು ಹೋಗಿ, ಇವಳ ಹೆಸರು ಪಟ್ಟಿಯಲ್ಲಿ ಬರಬೇಕು ಅಂದೆ. ಮೈಬೂಬ ಒಪ್ಪಲಿಲ್ಲ.

"ನಕ್ಕೋ ನಕ್ಕೋ. ನಾಟಕದೋರು ಸಿನಿಮಾದೋರಿಗೆ ಸಮ ಆಗಂಗಿಲ್ಲ."

"ಸಿನಿಮಾದಾಗ ಒಂದ ಪಾತ್ರ ಎಷ್ಟ ಸಲ ಮಾಡ್ತಾರ?" ಅಂತ ಕೇಳಿದಳು ಕಸ್ತೂರಿ.

"ಒಂದ ಸಲ ಮಾಡಿದ್ರ ಮುಗೀತು. ಅದು ಸಿನಿಮಾ ಅಲ್ಲೇನು?"

"ನಾ ದಿನಾ ಸಾಯ್ತೀನಿ," ಅಂದಳು ಕಸ್ತೂರಿ. "ಐತಾರಕ್ಕ ಎರಡ ಸಲ."

ಅವಳದು ಜ್ವರ ಬಂದು ಸಾಯುವ ಮಗುವಿನ ಪಾತ್ರ. ಮನೆಯಿಂದ ಹೊರಗೆ ಹಾಕಿಸಿಕೊಂಡ ಅಪ್ಪ ಆ ಮಗುವನ್ನು ಎರಡೂ ಕೈಯ ಮೇಲೆ ಹೊತ್ತು, ಒಂದು ಪೂರ್ತಿ ಹಾಡು ಮುಗಿಯುವ ತನಕ ರಂಗದ ಈ ತುದಿಯಿಂದ ಆ ತುದಿಗೆ ನಡೆಯಬೇಕು. ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ಆ ಒಂದು ಹಾಡಿಗೆ ಅಳುವುದಕ್ಕೆಂದೇ ಎರಡೆರಡು ಸಲ ಬರುತ್ತಿದ್ದರು. ಇಷ್ಟು ಕೇಳಿ ಬಸಲಿಂಗ ನನ್ನ ಕಡೆಗೆ ವಾಲಿದ. ಕಸ್ತೂರಿಯ ಹೆಸರು ಐದನೆಯದಾಗಿ ಬಂತು. ಅದಕ್ಕಿಂತ ಮೇಲೆ ಏರಿಸಲು ಮೈಬೂಬ ಬಿಲ್‌ಕುಲ್ ಬಿಡಲಿಲ್ಲ.

ನಮ್ಮ ಮನೆ ಶಾಲೆಗೆ ಹತ್ತಿರ. ಮರುದಿನದಿಂದ ಅವಳನ್ನು ಊಟಕ್ಕೆ ಕರೆದೊಯ್ಯಲು ಶುರು ಮಾಡಿದೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೇಲೆ ಗಟ್ಟಿ ಮೊಸರು. ಹಂಚಿನ ಮೇಲೆ ಎಳ್ಳು ಸಿಡಿಯುವ ವಾಸನೆ ಬಾಗಿಲ ತನಕ ಬರುತ್ತಿತ್ತು. ಕಸ್ತೂರಿ ರೊಟ್ಟಿಯನ್ನು ಮುರಿದು, ಅರ್ಧ ತಿಂದು, ಇನ್ನರ್ಧ ತಾಟಿನ ಅಂಚಿಗೆ ಸರಿಸಿ ಕೈ ತೊಳೆಯಲು ಏಳುತ್ತಿದ್ದಳು. ಅವ್ವ ಬಿಡಬೇಕಲ್ಲ!

"ಸಾಕ್ರೀ ಕಾಕಿ."

"ಏನ ಸಾಕು? ಗುಬ್ಬಿ ತಿಂದಂಗ ತಿಂತಿ. ಒಂಟಿ ರೊಟ್ಟಿಗೆ ಎದ್ದು ಹೋಗಬಾರ್ದು, ಮನಿಗೆ ಚಲೋ ಅಲ್ಲ. ಕೂಡು, ಇನ್ನೊಂದು ಸುಡಾಕತ್ತೀನಿ."

ನಮ್ಮ ಮಂದಿಯ ಚಾಳಿಯೇ ಅದು. ಬಂದವರು ಸಾಕು ಅಂದರೆ ಅದು ಸಂಕೋಚದ ಮಾತು, ಕೇಳಬಾರದು. ಮೂರು ಸಲ ಬೇಡ ಅನ್ನಿಸಿಕೊಂಡು ನಾಲ್ಕನೇ ಸಲ ಹಾಕಿದರೇ ಉಣಿಸಿದ ಹಾಗೆ. ಕಸ್ತೂರಿ ತಲೆ ಬಗ್ಗಿಸಿ ಎರಡನೆಯದನ್ನೂ ತಿನ್ನುತ್ತಿದ್ದಳು. ಹಸಿವೆ ಇತ್ತು ಅವಳಿಗೆ. ತಿನ್ನಲು ಶುರು ಮಾಡಿದರೆ ತಾಟಿನಲ್ಲಿ ಎಳ್ಳೂ ಉಳಿಯುತ್ತಿರಲಿಲ್ಲ.

ಹದಿನೈದು ದಿನ ಕಳೆದಿರಬೇಕು. ಶಾಲೆಗೆ ವಾಪಸ್ ಹೋಗುವಾಗ ಕಸ್ತೂರಿ ದಾರಿಯಲ್ಲೇ ನಿಂತಳು.

"ಶಾಂತಾ, ನಿಮ್ಮವ್ವಗ ಒಂದ ಮಾತ ಹೇಳ್ತಿ? ನನಗ ಅರ್ಧ ರೊಟ್ಟಿ ಸಾಕಂತ ಹೇಳು."

"ಯಾಕಬೇ, ಚಲೋ ಆಗಂಗಿಲ್ಲೇನು ನಮ್ಮ ಮನಿ ರೊಟ್ಟಿ?"

"ಹಂಗಲ್ಲ. ಅಪ್ಪನ ಪಾತ್ರ ಮಾಡೋ ಮಾಮಾಗ ಟೊಂಕ ನೋವು ಐತಿ. ಮಾಲಕರು ಹೇಳ್ಯಾರ, ಅವನಿಗೆ ಎತ್ತಾಕ ಬರೋತನಾ ನೀ ಬೇಬಿ, ಆಮ್ಯಾಲ ಬ್ಯಾರೆ ಕೂಸು ನೋಡ್ತೀವಿ ಅಂತ. ನಮ್ಮವ್ವಗ ಕಂಪನ್ಯಾಗ ಜಾಗ ಐತಿ ಅಂದ್ರ ನನ್ನ ಪಾತ್ರದಿಂದ." ನನ್ನ ಕೈ ಹಿಡಿದು ಅಂದಳು, "ನಾ ಬ್ಯಾಡಂದ್ರ ಕಾಕಿ ಕೇಳಂಗಿಲ್ಲ. ನೀ ಹೇಳಿದ್ರ ಕೇಳ್ತಾರ."

ಹೇಳ್ತೀನಿ ಅಂದೆ. ಹೇಳಲಿಲ್ಲ.

ಮರೆತೆ ಅಂತ ಬರೆಯಬಹುದಿತ್ತು, ಯಾರು ಕೇಳುವವರು? ಮರೆತಿರಲಿಲ್ಲ. ಹೇಳಿದರೆ ಅವ್ವ ಸೆರಗು ಸಿಗಿಸಿಕೊಂಡು ಕಂಪನಿಗೆ ಹೋಗಿ, ಕೂಸಿನ ಹೊಟ್ಟೆ ಕಟ್ಟಿಸ್ತೀರೇನು ಅಂತ ಜಗಳ ತೆಗೆಯುತ್ತಾಳೆ. ಆಮೇಲೆ ಕಸ್ತೂರಿಯನ್ನು ನಮ್ಮ ಮನೆಗೆ ಕಳಿಸುವುದಿಲ್ಲ. ಬೇಬಿ ಕಸ್ತೂರಿ ದಿನಾ ನಮ್ಮ ಮನೆಯಲ್ಲೇ ಉಣ್ಣುತ್ತಾಳೆ ಅನ್ನುವುದು ಇಡೀ ಶಾಲೆಗೆ ಗೊತ್ತಿತ್ತು. ಏಳನೇ ಕ್ಲಾಸಿನ ಹುಡುಗಿಯರೂ ನನ್ನನ್ನು ಮಾತಾಡಿಸುತ್ತಿದ್ದರು. ಅದು ನನಗೆ ಬೇಕಾಗಿತ್ತು, ಅಷ್ಟೇ. ಅವ್ವ ಎರಡನೇ ರೊಟ್ಟಿ ಹಾಕುವಾಗ ಕಸ್ತೂರಿ ನನ್ನ ಮುಖ ನೋಡುತ್ತಿದ್ದಳು. ನಾನು ಪಲ್ಯದ ಕಡೆ ನೋಡುತ್ತಿದ್ದೆ.

ಕ್ಯಾಂಪ್ ಮುಗಿಯಲು ಇನ್ನೂ ದಿನ ಇದ್ದವು. ಪಟ್ಟಿಯ ಜಗಳಕ್ಕೆ ಒಂದು ತೀರ್ಮಾನ ಆಗಲೇಬೇಕು ಅಂತ ನಾನು ಹಟ ಹಿಡಿದೆ. ನೋಡದೆ ಮಾತಾಡಬಾರದು, ನಾಟಕ ನೋಡಿ ಆಮೇಲೆ ಹೇಳಲಿ ಅಂತ ಮೈಬೂಬನನ್ನೂ ಬಸಲಿಂಗನನ್ನೂ ಭಾನುವಾರ ಮಧ್ಯಾಹ್ನದ ಆಟಕ್ಕೆ ಎಳೆದುಕೊಂಡು ಹೋದೆ. ತಗಡು ಕಾದು ಒಳಗೆ ಕುದಿಯುತ್ತಿತ್ತು. ಮಂಡಾಳ ಒಗ್ಗರಣೆ, ಮಿರ್ಚಿ, ಬೆವರು, ಬೀಡಿ ಎಲ್ಲದರ ವಾಸನೆ ಒಟ್ಟಿಗೆ. ನಾವು ಮುಂದೆ ನೆಲದ ಮೇಲೆ ಕೂತೆವು.

ಕಸ್ತೂರಿ ಸತ್ತಳು. ನನ್ನ ಹಿಂದೆ ಕೂತಿದ್ದ ವಳಕಮದಿನ್ನಿಯ ಅಜ್ಜಿ ಆಗಲೇ ಬಿಕ್ಕಲು ಶುರು ಮಾಡಿದ್ದಳು. ಅಪ್ಪನ ಪಾತ್ರದವನು ಬಗ್ಗಿ ಅವಳನ್ನು ಎತ್ತಿದ. ಹಾಡು ಶುರುವಾಯಿತು. ಎರಡು ಹೆಜ್ಜೆ, ಮೂರು ಹೆಜ್ಜೆ. ನಡುವೆ ಬಂದಾಗ ಅವನ ಕಾಲು ನಡುಗಿದ್ದು ನನಗೆ ಕಂಡಿತು. ಅವನು ಅವಳನ್ನು ಎದೆಗೆ ಏರಿಸಿಕೊಳ್ಳಲು ನೋಡಿದ, ಆಗಲಿಲ್ಲ. ಮೊಣಕಾಲು ಮಡಿಚಿತು, ಕೈ ಸಡಿಲಾಯಿತು, ಕಸ್ತೂರಿ ಹಲಗೆಯ ಮೇಲೆ ಧೊಪ್ಪನೆ ಬಿದ್ದಳು.

ಆಮೇಲೆ ಹಿಂದಿನಿಂದ ಯಾರೋ ಕೂಗಿದರು, "ಏ, ಹೆಣ ಭಾಳ ಉಂಡೈತೋ!"

ಇಡೀ ಥೇಟರ್ ನಕ್ಕಿತು. ಅಳುತ್ತಿದ್ದ ಅಜ್ಜಿಯೂ ನಕ್ಕಳು. ಪರದೆ ಎಳೆಯುವವನಿಗೆ ಏನೂ ತೋಚದೆ ಹಾಡು ಮುಗಿಯುವ ತನಕ ಪರದೆ ಬೀಳಲಿಲ್ಲ. ನನಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅವಳ ಮೈಗೆ ಹತ್ತಿದ್ದು ನಮ್ಮ ಮನೆಯ ರೊಟ್ಟಿ ಅಂತ ಆ ಥೇಟರಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ಮರುದಿನ ಕಸ್ತೂರಿ ಶಾಲೆಗೆ ಬರಲಿಲ್ಲ. ಕಟ್ಟೆಯ ಮೇಲೆ ಬಸಲಿಂಗ, "ಆಕಿ ಹೆಸರು ತಗದ ಬಿಡಬೇ, ಮಂದಿ ಹೆಂಗ ನಕ್ಕರು," ಅಂದ. ನಾನು ನೋಟ್‌ಬುಕ್ಕನ್ನು ಎದೆಗೆ ಅವಚಿಕೊಂಡೆ. ಆಗ ಮಾತಾಡಿದವನು ಮೈಬೂಬ.

"ಸುಮ್ನಿರಲೇ. ನೀ ಮಂದಿ ನಗೋದು ನೋಡಿದಿ, ಆಕಿನ್ನ ನೋಡಿದೇನು? ಬಿದ್ದಾಗ ಮೊಣಕೈ ಒಡದು ರಕ್ತ ಬರಾಕತ್ತಿತ್ತು. ಆಕಿ ಕಣ್ಣ ತಗೀಲಿಲ್ಲ. ಅಷ್ಟ ಮಂದಿ ನಕ್ಕರೂ ಒಂದ ರೆಪ್ಪಿ ಅಲುಗಿಸಲಿಲ್ಲ. ಸತ್ತಾಕಿ ಸತ್ತಂಗ ಮಲಗಿದ್ಲು. ಸಿನಿಮಾದಾಗ ಹಿಂಗಾದ್ರ ಕಟ್ ಅಂದು ಮತ್ತ ತಗೀತಾರ. ನಮ್ಮ ಓಡೋ ಹುಡುಗ ಹಿಂಗ ಮಲಗತಿದ್ದನೇನು?" ಅವನೇ ನನ್ನ ನೋಟ್‌ಬುಕ್ ಎಳೆದು, ಕೊನೇ ಹಾಳೆ ತೆರೆದು ನನ್ನ ಮುಂದಿಟ್ಟ. "ಒಂದನೇದಕ್ಕ ಬರಿ. ಬೇಬಿ ಕಸ್ತೂರಿ."

ಬಸಲಿಂಗನೂ ತಲೆಯಾಡಿಸಿದ. ಇಷ್ಟು ದಿನದಲ್ಲಿ ಮೂವರೂ ಜಗಳವಿಲ್ಲದೆ ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು. ಬರೆದೆ.

ಆ ವಾರವೇ ಪೋಸ್ಟರುಗಳಲ್ಲಿ ಅವಳ ಹೆಸರಿನ ಮೇಲೆ ಬಿಳಿ ಚೀಟಿ ಬಂತು. ಮಾಲಕರ ತಂಗಿಯ ಮಗ, ಆರು ವರ್ಷದವನು, ಇನ್ನು ಮುಂದೆ ಸಾಯುತ್ತಾನೆ ಅಂತ ಊರೆಲ್ಲ ಸುದ್ದಿ. ಶನಿವಾರ ಕಸ್ತೂರಿ ನಮ್ಮ ಮನೆಗೆ ತಾನೇ ಬಂದಳು. ತಾಯಿ ಮಗಳು ಕಂಪನಿ ಬಿಟ್ಟು ಸಿಂಧನೂರಿನಲ್ಲಿ ಸೋದರಮಾವನ ಮನೆಗೆ ಹೊರಟಿದ್ದರು. ಬಸ್ಸಿಗೆ ಇನ್ನೂ ಹೊತ್ತಿತ್ತು. ಅವ್ವನಿಗೆ ಏನೂ ಗೊತ್ತಿರಲಿಲ್ಲ. ಹುಡುಗಿ ಹೊರಟಾಳಲ್ಲ ಅಂತ ಕಣ್ಣು ಒರೆಸಿಕೊಂಡು ಹಂಚು ಇಟ್ಟಳು.

ನಾನು ನೋಟ್‌ಬುಕ್ ತಂದು ತೋರಿಸಿದೆ. "ನೋಡಬೇ, ನೀನ ಎಲ್ಲರಕಿಂತ ಮ್ಯಾಲ. ಮೈಬೂಬನ ಹೇಳ್ಯಾನ."

ಕಸ್ತೂರಿ ಓದಿದಳು. ಬೆರಳನ್ನು ತನ್ನ ಹೆಸರಿನ ಮೇಲೆ ಇಟ್ಟಳು. "ಈಗ ನಾ ಬೇಬಿ ಅಲ್ಲಲ್ಲ," ಅಂದಳು.

ನಾನು ಅಳಲು ಶುರು ಮಾಡಿದೆ. "ನಾ ಅವ್ವಗ ಹೇಳಲಿಲ್ಲಬೇ. ಬೇಕಂತ ಹೇಳಲಿಲ್ಲ."

"ಗೊತ್ತೈತಿ," ಅಂದಳು. ಬೈಯಲಿಲ್ಲ. ಬೈದಿದ್ದರೆ ಇಷ್ಟು ವರ್ಷ ಈ ಮಾತು ನನ್ನನ್ನು ತಿನ್ನುತ್ತಿರಲಿಲ್ಲ.

ಅವ್ವ ರೊಟ್ಟಿ ಹಾಕಿದಳು. ಕಸ್ತೂರಿ ಅಂಚು ಮುರಿಯದೆ ಪೂರ್ತಿ ತಿಂದಳು. ಎರಡನೆಯದಕ್ಕೆ ಅವ್ವ ಒತ್ತಾಯ ಮಾಡುವ ಮೊದಲೇ ತಾಟು ಮುಂದೆ ಹಿಡಿದಳು.

"ಇನ್ನೊಂದು ಹಾಕ್ರೀ ಕಾಕಿ. ಇನ್ನ ಎಷ್ಟ ತಿಂದ್ರೂ ನಡೀತೈತಿ."

ಅವ್ವ ಖುಷಿಯಿಂದ ನಕ್ಕು, ಈಗ ಉಣ್ಣೋದು ಕಲತಿ ನೋಡು ಅಂದಳು. ಮೂರು ರೊಟ್ಟಿ ಉಂಡು, ಬುತ್ತಿಗೆ ಎರಡು ಕಟ್ಟಿಸಿಕೊಂಡು ಹೋದಳು ಕಸ್ತೂರಿ. ಆಮೇಲೆ ಅವಳನ್ನು ನಾನು ನೋಡಿಲ್ಲ.

ಈಗ ನಾನು ಸಾಲಗುಂದದಲ್ಲಿ ಟೀಚರ್. ಹನ್ನೊಂದು ಹನ್ನೆರಡರ ಹುಡುಗಿಯರು ಒಂದೇ ಬೇಸಿಗೆಯಲ್ಲಿ ಹೇಗೆ ಬೆಳೆದುಬಿಡುತ್ತಾರೆ ಅಂತ ದಿನಾ ನೋಡುತ್ತೇನೆ. ಅವಳೂ ಹಾಗೇ ಬೆಳೆಯುವವಳೇ ಇದ್ದಳು, ರೊಟ್ಟಿಯದೇನು ತಪ್ಪು ಅಂತ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳಲ್ಲ ಆ ಮಾತು. ಆದರೆ ಅವಳು ನನ್ನನ್ನು ಕೇಳಿದ್ದು ಬೆಳೆಯುವುದನ್ನು ನಿಲ್ಲಿಸು ಅಂತಲ್ಲ, ಅರ್ಧ ರೊಟ್ಟಿ ಅಂತ ಅವ್ವನಿಗೆ ಹೇಳು ಅಂತ. ನನ್ನ ಕ್ಲಾಸಿನ ಮಕ್ಕಳೂ ಟಿ.ವಿ. ಸ್ಪರ್ಧೆಯ ಹುಡುಗ ದೊಡ್ಡವನೋ, ಮೊಬೈಲಿನಲ್ಲಿ ಕುಣಿಯುವ ಹುಡುಗಿ ದೊಡ್ಡವಳೋ ಅಂತ ಕಚ್ಚಾಡುತ್ತಾರೆ. ಆ ಮಕ್ಕಳಿಗೆ ಉಣಿಸುವವರು ಯಾರು, ಬೇಡ ಅನ್ನುವವರು ಯಾರು ಅಂತ ಕೇಳಬೇಕು ಅನ್ನಿಸುತ್ತದೆ, ಕೇಳುವುದಿಲ್ಲ.

ಮಸ್ಕಿಯ ಆ ಬಯಲು ಹೋಯಿತು, ಕಂಪನಿಗಳು ಬರುವುದು ನಿಂತಿತು, ಅವ್ವನೂ ಹೋದಳು. ಅವಳ ಜೊತೆಗೆ ಇನ್ನೊಂದು ನಮ್ಮ ಮನೆಯಿಂದ ಹೋಯಿತು, ಅದನ್ನು ಕಳೆದವಳು ನಾನೇ. ಮನೆಗೆ ಬಂದವರು ಸಾಕು ಅಂದರೆ ನನ್ನ ಕೈ ಅಲ್ಲಿಗೇ ನಿಂತುಬಿಡುತ್ತದೆ. ಇನ್ನೊಂದು ಹಾಕ್ಕೋ ಅನ್ನುವ ಮಾತು ಬಾಯಿಗೆ ಬರುವುದೇ ಇಲ್ಲ. ಅವ್ವನ ಕೈಗೂ ಮಗಳ ಕೈಗೂ ಎಷ್ಟು ಫರಕು ನೋಡು, ಎಂಥಾ ಜಿಪುಣಿ ಅಂತ ನೆಂಟರು ಹಿಂದೆ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.