ಬೈಕಿಗೆ ಹಾಕಿದ ಅಷ್ಟಬಂಧ

‘ಆ ಕಾಲದಲ್ಲಿ’ ಎಂದು ಮಾತು ಶುರುಮಾಡುವವರನ್ನು ನಾನು ಸುಲಭವಾಗಿ ನಂಬುವವನಲ್ಲ. ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದುವಾಗ ಹತ್ತಿದ ಚಟ ಇದು. ನನ್ನ ನೆನಪಿಗೂ ವಿನಾಯಿತಿ ಇಲ್ಲ. ಆದರೂ ಹೇಳುತ್ತೇನೆ, ಆ ಕಾಲದಲ್ಲಿ ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ಪಂಚೆ ಎತ್ತಿಕಟ್ಟಿ, ಜುಟ್ಟಿನ ಮೇಲೆ ಟವೆಲ್ಲು ಸುತ್ತಿ, ಕೆಂಪು ಬೈಕು ಓಡಿಸುತ್ತಿದ್ದ ಅರ್ಚಕರು ನಮ್ಮಪ್ಪ ಒಬ್ಬರೇ. ಇಷ್ಟಕ್ಕೆ ಬೀದಿಯೇ ಸಾಕ್ಷಿ.

ಅಪ್ಪನದು ಎರಡು ಕಡೆ ಪೂಜೆ. ಒಂದು ನಮ್ಮ ಬೀದಿ ಕೊನೆಯ ಈಶ್ವರನ ಗುಡಿ. ಇನ್ನೊಂದು ಹಳ್ಳಿಮೈಸೂರಿನಿಂದಾಚೆಯ ಒಂದು ಹಳ್ಳಿಯಲ್ಲಿ. ಇಲ್ಲಿ ಅಭಿಷೇಕ ಮುಗಿಸಿ ಬಸ್ಸು ಹಿಡಿದರೆ ಅಲ್ಲಿಯ ದೇವರು ಮಧ್ಯಾಹ್ನದವರೆಗೆ ಹಸಿದಿರಬೇಕು. ಬೇರೆ ಅರ್ಚಕರನ್ನು ನೋಡಿಕೊಳ್ಳುತ್ತೇವೆ ಎಂದು ಹಳ್ಳಿಯವರು ಹೇಳಿಯೂ ಆಗಿತ್ತು. ಅದಕ್ಕೇ ಅಪ್ಪ ಹಾಸನಕ್ಕೆ ಹೋಗಿ ಯಾರೋ ಓಡಿಸಿ ಬಿಟ್ಟ ಬೈಕೊಂದನ್ನು ತಂದರು. ತಾತ ಜಗಲಿಯಿಂದ ಇಳಿಯಲೂ ಇಲ್ಲ.

“ಇದರ ದೆಸೆಯಿಂದ ಒಂದು ದಿನ ಪೂಜೆ ತಪ್ಪಲಿ, ಅವತ್ತೇ ಗಾಡಿ ಮನೆ ಬಿಡಬೇಕು,” ಎಂದರು.

“ಆಗಲಿ,” ಎಂದರು ಅಪ್ಪ.

ಆಷಾಢದ ತುಂತುರು ಹಿಡಿದಿತ್ತು. ಒಂದು ಸಂಜೆ ಗುಡಿಗೆ ಬಿಟ್ಟಿದ್ದ ಬಸವ ಬಂದು, ನಿಂತಿದ್ದ ಬೈಕಿಗೆ ಕತ್ತು ಉಜ್ಜತೊಡಗಿತು. ಬೈಕು ಹೊರಗಿದ್ದ ಒರಳುಕಲ್ಲಿನ ಮೇಲೆ ಬಿತ್ತು. ಸೀಟಿನ ಕೆಳಗೆ ಬಲಪಕ್ಕದ ಪ್ಲಾಸ್ಟಿಕ್ ಸೈಡ್ ಕವರ್ ಅಡ್ಡಡ್ಡವಾಗಿ ಎರಡು ತುಂಡಾಯಿತು.

“ಬಸವಣ್ಣನಿಗೇ ಬೇಡ ಅನ್ನಿಸಿದೆ,” ಎಂದರು ತಾತ.

“ಬಸವಣ್ಣನಿಗೆ ಕತ್ತು ಕಡೀತಿತ್ತು,” ಎಂದರು ಅಪ್ಪ.

ಕವರ್ ಇಲ್ಲದಿದ್ದರೇನು, ಬೈಕು ಓಡುತ್ತದಲ್ಲ ಅನ್ನಬಹುದು. ಆದರೆ ಅದರ ಹಿಂದೆಯೇ ಗಾಳಿ ಸೋಸುವ ಫಿಲ್ಟರ್. ಮಳೆನೀರು ಅಲ್ಲಿಗೆ ನುಗ್ಗಿದರೆ ಇಂಜಿನ್ನು ಕೆಮ್ಮಿ ನಿಲ್ಲುತ್ತದೆ. ಹೊಸ ಕವರ್ ಕೇಳಿದರೆ, ಆ ಮಾಡೆಲ್ಲೇ ನಿಂತುಹೋಗಿದೆ ಎಂದರು ಅಂಗಡಿಯವರು. ಅಪ್ಪ ಪೈಪಿನ ತೂತಿಗೆ ಮೆತ್ತುವ ಎರಡು ಬಣ್ಣದ ಹಿಟ್ಟು ತಂದು ಕಲಸಿ ಹಚ್ಚಿದರು. ಅದು ಕಲ್ಲಿನ ಹಾಗೆ ಗಟ್ಟಿಯಾಯಿತು. ಗಟ್ಟಿಯಾದದ್ದೇ ತೊಂದರೆ. ಪ್ಲಾಸ್ಟಿಕ್ಕು ಅದುರುತ್ತಿತ್ತು, ಹಿಟ್ಟು ಅದುರಲಿಲ್ಲ. ಹಳ್ಳಿಮೈಸೂರು ರಸ್ತೆಯಲ್ಲಿ ಬಿರುಕು ಮತ್ತೆ ಬಾಯಿಬಿಟ್ಟಿತು. ಅಪ್ಪ ಮಳೆಯಲ್ಲಿ ಬೈಕು ತಳ್ಳಿಕೊಂಡು ಹೋಗಿ, ಒದ್ದೆ ಪಂಚೆಯಲ್ಲೇ ಪೂಜೆ ಮಾಡಿ ಬಂದರು.

“ತಪ್ಪಲಿಲ್ಲ, ತಡ ಆಯಿತು ಅಷ್ಟೆ,” ಎಂದರು.

“ತಡ ಅನ್ನೋದು ತಪ್ಪೋದರ ತಮ್ಮ,” ಎಂದರು ತಾತ.

ಆ ವರ್ಷದ ಬೇಸಿಗೆಯಲ್ಲಿ ಈಶ್ವರನಿಗೆ ಅಷ್ಟಬಂಧವಾಗಿತ್ತು. ಲಿಂಗ ಪೀಠದಲ್ಲಿ ಅಲುಗಾಡದಂತೆ ಸುತ್ತ ತುಂಬುವ ಅಂಟು ಅದು. ಅರಗು, ರಾಳ, ಗುಗ್ಗುಳ, ಜೇನುಮೇಣ, ಕೆಮ್ಮಣ್ಣು ಎಲ್ಲವನ್ನೂ ಕಲ್ಲಿನ ಮೇಲಿಟ್ಟು, ಬೆಣ್ಣೆ ಹಾಕುತ್ತಾ ಹಾಕುತ್ತಾ ಕುಟ್ಟಬೇಕು. ಬೀದಿಯ ಗಂಡಸರೆಲ್ಲ ಸರದಿಯಲ್ಲಿ ಕುಟ್ಟಿದ್ದರು. ಆ ಸದ್ದು ಮಧ್ಯಾಹ್ನದ ನಿದ್ದೆಯೊಳಗೂ ಕೇಳುತ್ತಿತ್ತು. ಮಿಕ್ಕ ಮುದ್ದೆಯನ್ನು ತಾತ ತೆಂಗಿನ ಚಿಪ್ಪಿನಲ್ಲಿ ತುಂಬಿ ದೇವರ ಗೂಡಿನ ಮೇಲಿಟ್ಟಿದ್ದರು.

ತಾತ ಯಾರದೋ ಮನೆಯ ವ್ರತಕ್ಕೆ ಹೋಗಿದ್ದ ದಿನ ಅಪ್ಪ ಆ ಚಿಪ್ಪನ್ನು ಕೆಳಗಿಳಿಸಿದರು. ಗೋಣಿಚೀಲ ಹೊಲಿಯುವ ದಬ್ಬಳವನ್ನು ಕೆಂಡದಲ್ಲಿ ಕಾಯಿಸಿ ಬಿರುಕಿನ ಎರಡೂ ದಡಕ್ಕೆ ತೂತು ಹಾಕಿದರು. ಸುಟ್ಟ ಪ್ಲಾಸ್ಟಿಕ್ಕಿನ ನಾತಕ್ಕೆ ಅಕ್ಕ ಮೂಗು ಮುಚ್ಚಿಕೊಂಡಳು. ತೆಳುವಾದ ತಾಮ್ರದ ತಂತಿಯಿಂದ, ಹರಿದ ಎಲೆಗೆ ಕಡ್ಡಿ ಚುಚ್ಚಿದ ಹಾಗೆ ಹೊಲಿದರು. ಆಮೇಲೆ ಮುದ್ದೆಯನ್ನು ಕಾಯಿಸಿ, ಬೆಣ್ಣೆ ಸೇರಿಸಿ, ನನ್ನ ಕೈಗೂ ಅಕ್ಕನ ಕೈಗೂ ಕೊಟ್ಟು ನಾದಿಸಿದರು.

“ಬೆಣ್ಣೆ ಕೇಳಿದಿರಲ್ಲ, ದೋಸೆಗೆ ಅಂದ್ಕೊಂಡೆ,” ಎಂದಳು ಅಮ್ಮ ಬಾಗಿಲಲ್ಲಿ ನಿಂತು. ಚಿಪ್ಪು ಕಂಡದ್ದೇ ತಡ, “ನಾನೇನೂ ನೋಡಲಿಲ್ಲಪ್ಪ,” ಎಂದು ಒಳಗೆ ಹೋದಳು.

ಒಳಮೈಗೆ ಉದ್ದಕ್ಕೂ ಮೆತ್ತಿದ್ದಾಯಿತು. ಅದು ಹಿಡಿಯಿತು. ಕಲ್ಲಾಗದೆ, ಪ್ಲಾಸ್ಟಿಕ್ಕಿನ ಜೊತೆ ತಾನೂ ಅದುರಿಕೊಂಡು, ನೀರನ್ನು ಒಳಗೆ ಬಿಡದೆ ಹಿಡಿಯಿತು. ಆದರೆ ನಾವು ಎಣಿಸದ ಒಂದು ಸಂಗತಿ ಇತ್ತು. ಇಂಜಿನ್ನು ಬಿಸಿಯಾದಂತೆ ಕವರೂ ಬೆಚ್ಚಗಾಗಿ, ಬೈಕಿನಿಂದ ಗರ್ಭಗುಡಿಯ ವಾಸನೆ ಬರತೊಡಗಿತು.

ಹಳ್ಳಿಯ ದೇವಸ್ಥಾನ ನೋಡಿಕೊಳ್ಳುತ್ತಿದ್ದ ಬೋರೇಗೌಡರು ಒಂದು ಭಾನುವಾರ ಮೂಗರಳಿಸಿದರು. ನಾನು ಹಿಂದಿನ ಸೀಟಿನಲ್ಲಿ ನೈವೇದ್ಯದ ಡಬ್ಬಿ ಹಿಡಿದು ಕೂತಿದ್ದೆ.

“ಅಯ್ನೋರೆ, ನಿಮ್ ಗಾಡಿ ಪೆಟ್ರೋಲ್ ಕುಡೀತದೋ ಸಾಂಬ್ರಾಣಿ ಕುಡೀತದೋ?”

“ಎರಡೂ ಗೌಡ್ರೆ.”

“ಅಂಗಾರೆ ನಿಮ್ಮನ್ನ ಇಳ್ಸಿ ಇದ್ಕೇ ಒಂದು ಮಂಗಳಾರತಿ ಎತ್ತಾಣ ಬುಡಿ. ಒತ್ತಿಗೆ ಸರ್ಯಾಗಿ ಬತ್ತಾದೆ ಕಣ್ಲಾ ಇದು,” ಎಂದು ನನ್ನ ಕಡೆ ತಿರುಗಿ ನಕ್ಕರು. ಬೇರೆ ಅರ್ಚಕರ ಮಾತು ಆಮೇಲೆ ಅವರ ಬಾಯಲ್ಲಿ ಬರಲಿಲ್ಲ.

ತಾತನಿಗೂ ಮೂಗಿತ್ತು. ಅದೇ ವಾರ ಜಗಲಿಯಲ್ಲಿ ಜಪ ನಿಲ್ಲಿಸಿ, ಎದ್ದುಬಂದು, ಬೈಕಿನ ಪಕ್ಕ ಬಗ್ಗಿದರು. ನಂತರ ದೇವರ ಗೂಡಿನ ಮೇಲೆ ಕೈಯಾಡಿಸಿದರು. ಚಿಪ್ಪು ಅರ್ಧವಾಗಿತ್ತು.

“ಈಶ್ವರನನ್ನ ಕೂರಿಸಿದ ವಸ್ತು. ಅದನ್ನ ತಗೊಂಡು ಹೋಗಿ ಗಾಡಿಗೆ ಮೆತ್ತಿದೆಯಾ?”

“ಮೆತ್ತಿದೆ.”

“ಕಿತ್ತು ಹಾಕು.”

“ಪೂಜೆ ತಪ್ಪಬಾರದು ಅಂದೋರು ನೀವೇ. ತಪ್ಪಿಸಿಲ್ಲ.”

“ಎದುರು ಮಾತಾಡಬೇಡ. ಕಿತ್ತು ಹಾಕು ಅಂದೆ.”

ಅಪ್ಪ ಪಂಚೆ ಕೊಡವಿ ಎದ್ದರು. “ನಾಳೆ ಕೀಳ್ತೀನಿ.”

ಮರುದಿನ ಬೆಳಿಗ್ಗೆ ಮಳೆಯಲ್ಲೇ ಹೊರಟರು. ಸಂಜೆ ತಾತ ಕೇಳಿದರು. “ನಾಳೆ,” ಎಂದರು ಅಪ್ಪ. ಅದರ ಮಾರನೆಯ ದಿನವೂ ನಾಳೆ. ಶ್ರಾವಣ ಬಂತು, ನಾಳೆ. ಗೌರಿ ಹಬ್ಬಕ್ಕೆ ಅಕ್ಕನಿಗೆ ಹೊಸ ಲಂಗ ಬಂತು, ನಾಳೆ. ನಾನೂ ಅಕ್ಕನೂ ಬಾಗಿಲ ಹಿಂದೆ ನಿಂತು ಆ ಒಂದು ಮಾತಿಗೆ ಕಾಯುತ್ತಿದ್ದೆವು. ದನಿ ಏರಿಸದೆ, ಸುಳ್ಳಿನಂತೆಯೂ ಕೇಳಿಸದಂತೆ ಅಪ್ಪ ಅದನ್ನು ಹೇಳುತ್ತಿದ್ದ ರೀತಿಯನ್ನು ನಾನು ಆಮೇಲೆ ಎಷ್ಟೋ ಮೇಲಧಿಕಾರಿಗಳ ಎದುರು ಅಭ್ಯಾಸ ಮಾಡಿ ಸೋತಿದ್ದೇನೆ. ಮಳೆಗಾಲ ಮುಗಿಯಿತು. ಪೂಜೆ ಒಂದು ದಿನವೂ ತಪ್ಪಲಿಲ್ಲ. ಗಾಡಿ ಮನೆ ಬಿಡಲಿಲ್ಲ.

ಚೈತ್ರದ ಬಿಸಿಲಿಗೆ ಮಾತ್ರ ಅಂಟು ಕರಗಿ, ಕೆಂಪಗೆ ಜಿನುಗಿ, ಅಪ್ಪನ ಬಿಳಿ ಪಂಚೆಗೆ ಕರೆಯಾಯಿತು. ತಂತಿ ಹಿಡಿದಿತ್ತು, ಬಿರುಕು ಕಾಣುತ್ತಿತ್ತು. ಇಲ್ಲಿಂದಾಚೆ ನನ್ನ ನೆನಪನ್ನು ನಾನೇ ನಂಬಲಾರೆ. ಒಂದು ಬೆಳಿಗ್ಗೆ ತಾತ ಜಗಲಿಯಲ್ಲಿ ಕೂತು, ಮಡಿಲಲ್ಲಿ ಕವರ್ ಇಟ್ಟುಕೊಂಡು, ಚಿಪ್ಪಿನಲ್ಲಿದ್ದ ಉಳಿದರ್ಧ ಮುದ್ದೆಯನ್ನು ಮೆತ್ತುತ್ತಿದ್ದುದನ್ನು ನಾನು ಕಂಡಿದ್ದೇನೆ. ಅವರ ಬೆರಳ ಸಂದಿ ಕೆಂಪಗಿತ್ತು. “ಅರೆಬರೆ ಕಾಯಿಸಿ ಹಚ್ಚಿದ್ದಾನೆ, ಮುಠ್ಠಾಳ,” ಎಂದು ಗೊಣಗುತ್ತಿದ್ದರು.

ಮೊನ್ನೆ ಅಕ್ಕನಿಗೆ ಫೋನು ಮಾಡಿ ಕೇಳಿದೆ. ಅವಳೀಗ ಚನ್ನರಾಯಪಟ್ಟಣದಲ್ಲಿ ಕಾಲೇಜು ಮೇಷ್ಟ್ರು.

“ತಾತ ಆ ಗಾಡಿ ಮುಟ್ಟಿದ್ದಾ? ಸುಮ್ಮನಿರೋ. ಎರಡನೇ ಸಲವೂ ಅಪ್ಪನೇ ಹಚ್ಚಿದ್ದು. ಕತೆ ಕಟ್ಟಬೇಡ.”

ಇರಬಹುದು. ನನಗೆ ಆ ನೆನಪು ಬೇಕಾಗಿದೆ. ಬೇಕಾದ ನೆನಪನ್ನೇ ಮೊದಲು ಅನುಮಾನಿಸಬೇಕು ಎಂಬುದೂ ಗೊತ್ತಿದೆ. ಕವರಿನ ಒಳಮೈಯಲ್ಲಿ ಎರಡು ಪದರ ಇರುವುದು ನಿಜ. ಒಂದು ಚೂರು ಕೆರೆದು ಪರೀಕ್ಷಿಸಿದರೆ ಅರಗು, ಮೇಣ, ಬೆಣ್ಣೆ ಎಂದು ಹೇಳಬಲ್ಲೆ. ಯಾರ ಕೈ ಹಚ್ಚಿತು ಎಂದು ಯಾವ ಪರೀಕ್ಷೆಯೂ ಹೇಳುವುದಿಲ್ಲ.

ಆ ಬೈಕು ಈಗ ಹಾಸನದ ನನ್ನ ಮನೆಯಲ್ಲಿದೆ. ಅಂಥದಕ್ಕೆ ಈಗ ಬೆಲೆ ಬಂದಿದೆಯಂತೆ. ದಾರಿಯಲ್ಲಿ ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಕವರಿನ ಮೇಲ್ತುದಿಯಲ್ಲಿ ಹೊಸದೊಂದು ಬಿರುಕು ಬಂದಿದೆ. ಮೆಕ್ಯಾನಿಕ್ ಮಂಜ ಅದನ್ನು ಬಿಚ್ಚಿ ತಿರುಗಿಸಿ ನೋಡಿದ.

“ಇದ್ಯಾವ್ದು ಸಾ, ಮೇಣ ಮೆತ್ತವ್ರೆ? ಬಿಸಾಕಾಣ. ಫೈಬರ್ದು ಮಾಡಿಸ್ಕೊಡ್ತೀನಿ, ಒರಿಜಿನಲ್ ಇದ್ದಂಗೇ ಇರ್ತದೆ.”

“ಬೇಡ.”

“ಓಗ್ಲಿ, ಒಳಗಿಂದಾದ್ರೂ ಕೆರ್ದು ಕ್ಲೀನ್ ಮಾಡ್ತೀನಿ ಸಾ. ಗಲೀಜು ಕಾಣ್ತದೆ.”

ಕವರ್ ಮನೆಗೆ ತಂದೆ. ಹೊಸ ಬಿರುಕು ಮುಂದಕ್ಕೆ ಓಡದಂತೆ ಅದರ ತುದಿಗೆ ಸಣ್ಣ ತೂತು ಕೊರೆದೆ. ಅದೇ ಜಾತಿಯ ಪ್ಲಾಸ್ಟಿಕ್ ಚೂರುಗಳನ್ನು ಥಿನ್ನರ್‌ನಲ್ಲಿ ಕರಗಿಸಿ, ಆ ಗಂಜಿಯನ್ನು ಹೊರಗಿನಿಂದ ತುಂಬಿದೆ. ಒಳಮೈ ಮುಟ್ಟಲಿಲ್ಲ.

ಈಶ್ವರನಿಗೆ ಈಚೆಗೆ ಮತ್ತೆ ಅಷ್ಟಬಂಧ ಆಯಿತು. ಹಳೆಯದನ್ನು ಕೆತ್ತಿ ತೆಗೆದರು. ಹೊಸ ಅಂಟು ಡಬ್ಬದಲ್ಲಿ ಬಂತು. ಕಲಸಿದರು, ತುಂಬಿದರು, ಕೈ ತೊಳೆದರು. ಯಾರೂ ಕುಟ್ಟಲಿಲ್ಲ, ಬೀದಿಗೆ ಸದ್ದು ಕೇಳಲಿಲ್ಲ. ಅಲ್ಲಿಗೆ, ಆ ಬೇಸಿಗೆಯಲ್ಲಿ ನಮ್ಮ ಬೀದಿಯವರು ಕುಟ್ಟಿದ್ದು ಈಗ ಉಳಿದಿರುವುದು ಈ ಸೈಡ್ ಕವರಿನಲ್ಲಿ ಮಾತ್ರ. ಕಿತ್ತು ಹಾಕು ಎನ್ನಲು ತಾತ ಇಲ್ಲ. ಎದುರು ನಿಲ್ಲಲು ಅಪ್ಪ ಇಲ್ಲ. ಅಕ್ಕ ಹೇಳಿದ್ದೇ ಸರಿಯಿರಬಹುದು. ಆದರೂ ಇದನ್ನು ಕೆರೆಯಲು ಬಿಡುವುದಿಲ್ಲ.

ಇವತ್ತು ಸಂಜೆ ಮಂಜ ಮತ್ತೆ ಫೋನು ಮಾಡಿದ. “ಸಾ, ಆ ಕವರ್ ಯಾವಾಗ ತತ್ತೀರಾ, ಕೆರ್ದ್‌ಬುಡಾಣ?”

“ನಾಳೆ,” ಎಂದೆ.