ತಳದಲ್ಲಿ ಕೆಂಪು ಚುಕ್ಕೆ

ಎಚ್‌ಐವಿ ಇರುವವರ ರಕ್ತ ನಿಮ್ಮ ಹಸಿಗಾಯಕ್ಕೆ ತಾಗಿದರೆ ಎಪ್ಪತ್ತೆರಡು ಗಂಟೆಯೊಳಗೆ ಮಾತ್ರೆ ಶುರು ಮಾಡಬೇಕು. ಎರಡು ಗಂಟೆಯೊಳಗಾದರೆ ಇನ್ನೂ ಒಳ್ಳೆಯದು. ಇಪ್ಪತ್ತೆಂಟು ದಿನ ತಪ್ಪದೆ ನುಂಗಿದರೆ ವೈರಸ್ ಮೈಯಲ್ಲಿ ನೆಲೆಯೂರುವ ಸಂಭವ ತೀರಾ ಕಡಿಮೆ. ಇದೇನು ಗುಟ್ಟಲ್ಲ. ಆಸ್ಪತ್ರೆಯ ಗೋಡೆಯ ಮೇಲೆ ಗೇಣುದ್ದದ ಅಕ್ಷರಗಳಲ್ಲಿ ಬರೆದಿದೆ. ಜನ ಅದೇ ಗೋಡೆಗೆ ಬೆನ್ನು ಒರಗಿಸಿ ಕೂತು, ಫ್ಯಾನಿನ ಗಾಳಿ ಯಾರಿಗೆ ಜಾಸ್ತಿ ಬರುತ್ತಿದೆ ಎಂದು ಜಗಳವಾಡುತ್ತಾರೆ.

ಆ ಗೋಡೆಯ ಪಕ್ಕದಲ್ಲೇ, ತುರ್ತು ವಿಭಾಗದ ಬಾಗಿಲ ಬಳಿ, ಹಸಿರು ಪರದೆಯ ಹಿಂದೆ ಬೆರಳಮ್ಮ ಕೂರುತ್ತಾಳೆ. ಹುಟ್ಟು ಹೆಸರು ಬೇರೆ ಇದೆ, ಅದು ಸಂಬಳದ ಚೀಟಿಯಲ್ಲಿ ಮಾತ್ರ. ಬಂದವರ ಬೆರಳ ತುದಿ ಚುಚ್ಚಿ, ಒಂದು ಹನಿ ರಕ್ತ ತೆಗೆದು, ಇಪ್ಪತ್ತು ನಿಮಿಷದಲ್ಲಿ ಫಲಿತಾಂಶ ಹೇಳುವುದು ಅವಳ ಕೆಲಸ. ಅವಳು ಬೀದಿಗೆ ಬಂದರೆ ಮಕ್ಕಳು ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತವೆ. ತನ್ನ ಮದುವೆ ಮಾತುಕತೆಯ ದಿನ ಹುಡುಗನಿಗೆ ಅವಳು ಹೇಳಿದ ಮೊದಲ ಮಾತು, "ಬೆರಳು ಕೊಡಿ." ಹುಡುಗ ಬೆವತುಹೋದ. ಪಕ್ಕದಲ್ಲಿದ್ದ ಅವನ ತಾಯಿ ತನ್ನ ಬೆರಳು ಮುಂದೆ ಚಾಚಿ, "ಮೊದ್ಲು ನಂದು ಚುಚ್ಚಮ್ಮ, ನೋವಾಗುತ್ತಾ ನೋಡ್ತೀನಿ. ಇವ್ನು ಉಗುರು ಕತ್ತರಿಸಿದ್ರೂ ಅಳ್ತಾನೆ" ಎಂದಳು. ಅಂಥ ಅತ್ತೆ ಸಿಗುವುದಾದರೆ ಹುಡುಗ ಹೇಗಿದ್ದರೇನು ಎಂದು ಬೆರಳಮ್ಮ ಅಲ್ಲೇ ಒಪ್ಪಿಕೊಂಡಳು.

ಅವಳು ಕೂತಿದ್ದ ಕುರ್ಚಿ ಒಂದು ಸಂಶೋಧನೆಯದು. ಆ ಊರಲ್ಲಿ ಎಚ್‌ಐವಿ ಇಲ್ಲದ ಬೀದಿ ಸಿಗುವುದೇ ಕಷ್ಟವಾಗಿತ್ತು. ಹಾಗಾಗಿ ಕಾಲು ಮುರಿದವರು, ಎದೆನೋವಿನವರು, ಅವರನ್ನು ಹೊತ್ತು ತಂದವರು, ಕಡೆಗೆ ಅಲ್ಲಿಯ ನೌಕರರು, ಎಲ್ಲರನ್ನೂ ಪರೀಕ್ಷೆಗೆ ಕೇಳುವುದು. ಒಲ್ಲೆ ಎಂದವರು ಯಾಕೆ ಒಲ್ಲೆ ಎಂದರೆಂದು ಬರೆದುಕೊಳ್ಳುವುದು. ಅದಕ್ಕೊಂದು ಫಾರಂ. ಫಾರಮಿನಲ್ಲಿ ನಾಲ್ಕು ಚೌಕ: ಸಮಯವಿಲ್ಲ, ಭಯ, ಈಗಾಗಲೇ ಮಾಡಿಸಿದೆ, ಇತರೆ. ಫಾರಂ ಮಾಡಿದ ಮಹಾಶಯರು ಹವಾನಿಯಂತ್ರಿತ ಕೋಣೆಯಿಂದ ಹೊರಗೆ ಬಂದವರಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಮನುಷ್ಯನ ನೆಪಗಳೆಲ್ಲ 'ಇತರೆ'ಯಲ್ಲೇ ಇರುವುದು. ಅದಕ್ಕೆ ಕೊಟ್ಟ ಜಾಗ ಅರ್ಧ ಸಾಲು. ಬೆರಳಮ್ಮ ತನ್ನದೇ ಒಂದು ನೋಟ್‌ಬುಕ್ ತಂದು ಉಳಿದದ್ದನ್ನು ಅದರಲ್ಲಿ ಬರೆಯತೊಡಗಿದಳು.

ಆ ನೋಟ್‌ಬುಕ್ಕಿನ ಮಹಾನಾಯಕ ಆಂಬುಲೆನ್ಸ್ ಡ್ರೈವರ್. ಆಳು ಬಾಗಿಲಿನಷ್ಟು ಎತ್ತರ, ಮಾತಾಡಿದರೆ ಗಾಡಿಯ ಸದ್ದೇ ಅಡಗುತ್ತಿತ್ತು. ಹಾಗಾಗಿ ಎಲ್ಲರಿಗೂ ಅವನು ಸೈರನ್. ತಿಂಗಳಿಗೊಮ್ಮೆಯಂತೆ ಮೂರು ವರ್ಷ ಬೆರಳಮ್ಮ ಅವನನ್ನು ಕೇಳಿದ್ದಳು. ಮೂವತ್ತಾರು ಸಲ ಕೇಳಿದ್ದಕ್ಕೆ ಮೂವತ್ತಾರು ನೆಪ.

"ನನ್ನ ರಕ್ತ ಭಾಳ ದಪ್ಪ ಅಮ್ಮ, ಹೊರಗೆ ಬರಲ್ಲ."

"ಈ ಬೆರಳಲ್ಲಿ ಹಾರ್ನ್ ಒತ್ತಬೇಕು. ರೋಗಿ ಪ್ರಾಣ ಹೋದ್ರೆ ನೀವು ಜವಾಬ್ದಾರಿ ತಗೋತೀರಾ?"

"ನಮ್ಮನೆ ಸೊಳ್ಳೆನ ಕೇಳಿ. ಅದಕ್ಕೆ ನನ್ನ ವಿಷಯ ಎಲ್ಲಾ ಗೊತ್ತು."

ಪ್ರತಿ ಸಲವೂ ಕಾಯುವ ಸಾಲಿನವರೆಲ್ಲ ನಗುತ್ತಿದ್ದರು. ಬೆರಳಮ್ಮನೂ ನಗುತ್ತಲೇ ಬರೆದುಕೊಳ್ಳುತ್ತಿದ್ದಳು.

ಒಂದು ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಗು ನಿಂತಿತು. ಮಗುಚಿದ ಸರಕಿನ ಗಾಡಿಯೊಳಗಿಂದ ಒಬ್ಬ ಗಾಯಾಳುವನ್ನು ಎಳೆಯುವಾಗ ಸೈರನ್ನನ ಅಂಗೈ ಗಾಜಿಗೆ ಸೀಳಿತು. ಕೈಗವಸು ಹಾಕಿರಲಿಲ್ಲ, ಅದು ಮುಗಿದು ಹತ್ತು ದಿನವಾಗಿತ್ತು, ಹೊಸದು ತರಿಸಲು ಸಹಿ ಹಾಕಬೇಕಾದ ಸಾಹೇಬರು ಸುರಕ್ಷತೆಯ ಬಗ್ಗೆ ಭಾಷಣ ಮಾಡಲು ಹೋಗಿದ್ದರು. ಗಾಯಾಳುವಿನ ರಕ್ತವೆಲ್ಲ ಆ ಅಂಗೈ ಮೇಲೇ ಹರಿಯಿತು. ತೊಡೆಯ ಎಲುಬು ಮುರಿದು ನರಳುತ್ತಿದ್ದ ಆ ಮನುಷ್ಯ ಸ್ಟ್ರೆಚರ್ ಮೇಲಿಂದಲೇ ಹೇಳಿದ: "ಅಣ್ಣಾ, ನಿನ್ನ ಕೈ ಕುಯ್ದಿದೆ. ನಂಗೆ ಎಚ್‌ಐವಿ ಇದೆ, ಮಾತ್ರೆ ಬಿಟ್ಟು ಆರು ತಿಂಗಳಾಯ್ತು. ಈಗ್ಲೇ ಹೋಗಿ ತೋರಿಸ್ಕೋ." ಇಡೀ ಕಟ್ಟಡದಲ್ಲಿ ಆ ದಿನ ತನ್ನ ಜವಾಬ್ದಾರಿ ಸರಿಯಾಗಿ ಮಾಡಿದವನು ಕಾಲು ಮುರಿದ ಅವನೊಬ್ಬನೇ.

ಸೈರನ್ ಸ್ಟ್ರೆಚರ್ ಒಳಗೆ ಬಿಟ್ಟ, ನಲ್ಲಿಯಲ್ಲಿ ಕೈ ತೊಳೆದ, "ಈಗ ಬಂದೆ" ಎಂದ. ಆಮೇಲೆ ಪತ್ತೆಯಿಲ್ಲ.

ಮಧ್ಯಾಹ್ನ ಗಾಯಾಳುವೇ ಬೆರಳಮ್ಮನನ್ನು ಕರೆದು, "ಆ ಡ್ರೈವರ್ ಅಣ್ಣ ಮಾತ್ರೆ ತಗೊಂಡ್ರಾ?" ಎಂದು ಕೇಳಿದಾಗಲೇ ಅವಳಿಗೆ ವಿಷಯ ಗೊತ್ತಾದದ್ದು. ಫೋನ್ ಮಾಡಿದಳು, ಸ್ವಿಚ್ ಆಫ್. ಬೆರಳು ಮಡಚಿ ಲೆಕ್ಕ ಹಾಕಿದಳು: ಗುರುವಾರ ಬೆಳಿಗ್ಗೆ ಹತ್ತಕ್ಕೆ ಬಾಗಿಲು ಮುಚ್ಚುತ್ತದೆ.

ಸಂಜೆ ಅವನ ಮನೆಗೆ ಹೋದಳು. ಬಾಗಿಲು ತೆರೆದ ಹೆಂಡತಿ ಮೇಲಿಂದ ಕೆಳಗೆ ನೋಡಿದಳು.

"ಡ್ಯೂಟಿ ಇದೆ ಅಂತ ಫೋನ್ ಮಾಡಿದ್ರು. ಯಾಕೆ, ನಿಮಗೇನಾಗ್ಬೇಕಿತ್ತು?"

ಒಬ್ಬರ ವಿಷಯ ಇನ್ನೊಬ್ಬರಿಗೆ, ಹೆಂಡತಿಗೇ ಆದರೂ, ಹೇಳುವಂತಿಲ್ಲ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಬೆರಳಮ್ಮನ ಬಾಯಿಂದ ಬಂದದ್ದು, "ಅವ್ರ ಬೆರಳು ಬೇಕಿತ್ತು."

"ಬೆರಳಾ?"

"ಒಂದೇ ಒಂದು. ಯಾವ್ದಾದ್ರೂ ಆಗುತ್ತೆ."

ಬಾಗಿಲು ಮುಚ್ಚಿದ ಸದ್ದಿಗೆ ಮೂರು ಮನೆಯ ನಾಯಿಗಳು ಎದ್ದವು.

ಮಂಗಳವಾರ ಆಂಬುಲೆನ್ಸ್ ಶೆಡ್ಡು, ಕ್ಷೌರದಂಗಡಿ, ಪೆಟ್ರೋಲ್ ಬಂಕು ಎಲ್ಲ ಆಯಿತು. ಯಾರೂ ನೋಡಿರಲಿಲ್ಲ. ರಾತ್ರಿ ಊಟಕ್ಕೆ ಕೂತು, ಯಾಕೆಂದು ಹೇಳದೆ, ಸೈರನ್ ಎಲ್ಲೂ ಸಿಗುತ್ತಿಲ್ಲ ಎಂದಷ್ಟೇ ಅತ್ತೆಗೆ ಹೇಳಿದಳು. "ಅಷ್ಟು ದೊಡ್ಡ ಆಳು, ಎಲ್ಲಿ ತಾನೇ ಬಚ್ಚಿಟ್ಕೋತಾನೆ? ಬೀರುವಿನಲ್ಲಿ ಹಿಡಿಸ್ತಾನಾ?" ಎಂದಳು ಅತ್ತೆ. "ಹೆದರಿದಾಗ ಎಲ್ಲಿಗೆ ಓಡ್ತಾನೆ ಅಂತ ಯೋಚ್ನೆ ಮಾಡು."

ಬುಧವಾರ ಬೆಳಿಗ್ಗೆ ಬೆರಳಮ್ಮ ನೋಟ್‌ಬುಕ್ ಬಿಡಿಸಿದಳು. ಮೂವತ್ತಾರು ನೆಪಗಳನ್ನು ಮೊದಲ ಸಲ ಒಟ್ಟಿಗೆ ಓದಿದಳು. ತಮಾಷೆಯ ನೆಪಗಳೆಲ್ಲ ಮಾಮೂಲಿ ತಿಂಗಳುಗಳವು. ಆದರೆ ಅವಳು ಸ್ವಲ್ಪ ಗಟ್ಟಿಯಾಗಿ ಒತ್ತಾಯಿಸಿದಾಗಲೆಲ್ಲ ಬೇರೆ ರಾಗ: "ಅಕ್ಕನ ಮನೆ ನಲ್ಲಿ ಸೋರ್ತಿದೆ." "ಅಕ್ಕನಿಗೆ ಹಲ್ಲುನೋವು." "ಅಕ್ಕನ ಬೆಕ್ಕು ಕಳೆದುಹೋಗಿದೆ." ಇಂಥವು ಒಂಬತ್ತು. ಬೆಕ್ಕೊಂದೇ ನಾಲ್ಕು ಸಲ ಕಳೆದಿತ್ತು. ಅಕ್ಕ ಬಸ್ ನಿಲ್ದಾಣದ ಹಿಂದೆ ಟೈಲರ್ ಎಂದೂ ಅವಳೇ ಬರೆದುಕೊಂಡಿದ್ದಳು. ಲಕ್ಷಗಟ್ಟಲೆ ಸುರಿದು ಮಾಡಿದ ಫಾರಂ 'ಇತರೆ' ಎಂದು ಬಿಸಾಕಿದ್ದ ಜಾಗದಲ್ಲಿ ಒಬ್ಬ ಮನುಷ್ಯನ ವಿಳಾಸವಿತ್ತು.

ಅಂಗಡಿಯಲ್ಲಿ ಅಕ್ಕ ಕೊರಳಿಗೆ ಟೇಪು ಹಾಕಿಕೊಂಡು ಬಟ್ಟೆ ಕತ್ತರಿಸುತ್ತಿದ್ದಳು. ಮೇಜಿನ ಮೇಲೆ ಎಂದೂ ಕಳೆದುಹೋಗದಂಥ ದಪ್ಪ ಬೆಕ್ಕೊಂದು ಮಲಗಿತ್ತು.

"ತಮ್ಮನಾ? ಈ ಕಡೆ ಬಂದೇ ಇಲ್ವಲ್ಲ" ಎಂದಳು ಅಕ್ಕ, ಕತ್ತರಿಯಿಂದ ಕಣ್ಣು ಎತ್ತದೆ.

ಮೂಲೆಯಲ್ಲಿ ಗಿರಾಕಿಗಳು ಒಯ್ಯದೆ ಬಿಟ್ಟ ಬಟ್ಟೆಗಳು ಸಾಲಾಗಿ ನೇತಾಡುತ್ತಿದ್ದವು. ಅವುಗಳ ಕೆಳಗೆ ಎರಡು ದೊಡ್ಡ ಬೂಟು. ಬೂಟಿನೊಳಗೆ ಕಾಲೂ ಇದ್ದವು. ಬೆರಳಮ್ಮ ಸ್ಟೂಲ್ ಎಳೆದು ಕೂತು, ನೋಟ್‌ಬುಕ್ ಬಿಡಿಸಿ, ಪೆನ್ನಿನ ಮುಚ್ಚಳ ತೆಗೆದಳು.

"ಮೂವತ್ತೇಳನೇದು ಹೇಳಿ ಅಣ್ಣ, ಬರ್ಕೋತೀನಿ."

ಬಟ್ಟೆಗಳು ಮಾತಾಡಿದವು. "ನಾನಿಲ್ಲಿ ಇಲ್ಲ."

ಬೆರಳಮ್ಮ ಬರೆದಳು: 'ತಾನು ಇಲ್ಲಿ ಇಲ್ಲವೆಂದು ಸ್ವತಃ ತಿಳಿಸಿದರು.' ಅದನ್ನು ಗಟ್ಟಿಯಾಗಿ ಓದಿಯೂ ಹೇಳಿದಳು. ಅಕ್ಕ ತಡೆಯಲಾರದೆ ನಕ್ಕುಬಿಟ್ಟಳು. ಬಟ್ಟೆಗಳ ನಡುವಿನಿಂದ ಸೈರನ್ನನ ಮುಖ ಹೊರಬಂತು. ಎರಡು ದಿನದ ಗಡ್ಡ, ಕೆಂಪು ಕಣ್ಣು.

"ಅಣ್ಣ, ನಾಳೆ ಬೆಳಿಗ್ಗೆ ಹತ್ತರ ತನಕ ಮಾತ್ರ ಟೈಮು. ಇದು ನಿಮಗೆ ಗೊತ್ತಿಲ್ದೇ ಏನಿಲ್ಲ."

"ಗೊತ್ತು. ಮಾತ್ರೆಗೆ ನಾನು ಹೆದರಲ್ಲ ಅಮ್ಮ. ನಿಮ್ಮ ಪರದೆಗೆ ಹೆದರ್ತೀನಿ." ಅವನ ದನಿ ಮೊದಲ ಸಲ ಸಣ್ಣದಾಗಿತ್ತು. "ಆಯಮ್ಮ ಎರಡು ವರ್ಷದ ಹಿಂದೆ ಪರದೆ ಹಿಂದೆ ಹೋಗಿ ಬಂದ್ಲು ನೋಡಿ, ನೆಲ ಒರೆಸೋ ಆಯಮ್ಮ. ಏನು ಬಂತೋ ಯಾರಿಗೂ ಗೊತ್ತಿಲ್ಲ. ಆದ್ರೂ ಶೆಡ್ಡಲ್ಲಿ ಅವಳ ಟೀ ಲೋಟ ಬೇರೆ ಮಾಡಿದ್ರು. ತಳಕ್ಕೆ ಕೆಂಪು ಪೇಂಟಲ್ಲಿ ಒಂದು ಚುಕ್ಕೆ."

"ಯಾರು ಮಾಡಿದ್ದು?"

ಸೈರನ್ ತನ್ನ ಬ್ಯಾಂಡೇಜಿನ ಕೈ ನೋಡಿಕೊಂಡ. "ಗಾಡಿಗೆ ಬಳಿಯೋ ಪೇಂಟ್ ಯಾರ ಹತ್ರ ಇರುತ್ತೆ ಅಮ್ಮ?"

ಎಂಜಲು ಲೋಟದಿಂದ ಎಚ್‌ಐವಿ ಬರುವುದಿಲ್ಲ. ಬೆರಳಮ್ಮ ಇದನ್ನು ದಿನಕ್ಕೆ ನಲವತ್ತು ಸಲ ಹೇಳುವವಳು. ಅದೇ ಶೆಡ್ಡಿನಲ್ಲಿ ಎರಡು ವರ್ಷ ದಿನಾ ಟೀ ಕುಡಿದವಳೂ ಅವಳೇ. ಒಂದು ದಿನವೂ ಪಕ್ಕದವಳ ಲೋಟದ ತಳ ನೋಡಿರಲಿಲ್ಲ. ಅವಳು ಪೆನ್ನಿಗೆ ಮುಚ್ಚಳ ಹಾಕಿ ನೋಟ್‌ಬುಕ್ ಮಡಚಿದಳು.

ಬೈದವಳು ಅಕ್ಕ. ಕತ್ತರಿ ಕೆಳಗಿಟ್ಟು, ಇನ್ನೊಂದು ಸ್ಟೂಲ್ ಹತ್ತಿ, ತಮ್ಮನ ಕಿವಿ ಹಿಡಿದಳು. "ಕತ್ತೆ! ಹೊಟ್ಟೆನೋವು, ಎರಡು ದಿನ ಯಾರಿಗೂ ಹೇಳ್ಬೇಡ ಅಂತ ನನ್ನ ಬಾಯಲ್ಲೂ ಸುಳ್ಳು ಹೇಳಿಸಿದ್ಯಲ್ಲೋ! ಅವಳ ಲೋಟಕ್ಕೆ ಚುಕ್ಕೆ ಇಡುವಾಗ ನಡುಗದ ಕೈ ಈಗ ನಡುಗುತ್ತಾ? ನಡಿ ಮುಂದೆ."

ಅಕ್ಕನ ಸ್ಕೂಟರಿನಲ್ಲಿ ಮೂವರೂ ಹೊರಟರು. ಮುಂದೆ ಅಕ್ಕ, ನಡುವೆ ಸೈರನ್, ಹಿಂದೆ ಅರ್ಧ ಸೀಟಿನಲ್ಲಿ ಅರ್ಧ ಗಾಳಿಯಲ್ಲಿ ಬೆರಳಮ್ಮ. ಸಿಗ್ನಲ್ಲಿನಲ್ಲಿ ಜನ ಅಡ್ಡ ನಿಂತಾಗ ಸೈರನ್ ಅಭ್ಯಾಸಬಲದಿಂದ ಬಾಯಲ್ಲೇ ಕೂಗಿದ, ದಾರಿ ಬಿಟ್ಟರು.

ಐವತ್ತೊಂದನೇ ಗಂಟೆ. ಬೆರಳಮ್ಮ ವಿಷಯ ಹೇಳುತ್ತಲೇ ತುರ್ತು ವಿಭಾಗದ ಡಾಕ್ಟರಮ್ಮ ಬೇರೇನೂ ಕೇಳದೆ ಮಾತ್ರೆ ಕೈಗಿಟ್ಟಳು. "ಮೊದಲು ನುಂಗಿ. ಪರೀಕ್ಷೆ, ಫಾರಂ, ಬೈಗುಳ ಎಲ್ಲಾ ಆಮೇಲೆ." ನುಂಗಿದ. ಆಮೇಲೆ ಹಸಿರು ಪರದೆ. ಅಕ್ಕ, ಬೆರಳಮ್ಮನ ಅತ್ತೆಯಂತೆಯೇ, ತನ್ನ ಬೆರಳನ್ನು ಮೊದಲು ಚಾಚಿದಳು. ನಂತರ ಸೈರನ್ನನದು. ಹರಿದ ದೇಹಗಳನ್ನು ಹದಿನೈದು ವರ್ಷ ಹೊತ್ತ ಆ ಗಂಡಾಳು ಒಂದು ಹನಿ ಸ್ವಂತ ರಕ್ತ ನೋಡಿ ಗೋಣಿಚೀಲದಂತೆ ಕುಸಿದ. ಅವನನ್ನು ಸ್ಟ್ರೆಚರಿಗೆ ಎತ್ತಲು ನಾಲ್ವರು ಬೇಕಾದರು. ಕಾಲು ಕಟ್ಟಿಸಿಕೊಂಡು ಎದುರು ಹಾಸಿಗೆಯಲ್ಲಿದ್ದ ಗಾಯಾಳು ಮೂರು ದಿನದಲ್ಲಿ ಮೊದಲ ಸಲ ಹೊಟ್ಟೆ ಹಿಡಿದು ನಕ್ಕ. ನಕ್ಕಾದ ಮೇಲೆ, ತಾನೂ ಮತ್ತೆ ಮಾತ್ರೆ ಶುರು ಮಾಡುತ್ತೇನೆ ಎಂದ.

ಸೈರನ್ ಇಪ್ಪತ್ತೆಂಟು ದಿನವೂ ತಪ್ಪಿಸಲಿಲ್ಲ. ಹೆಂಡತಿಗೆ ತಾನೇ ಎಲ್ಲ ಹೇಳಿದ. ಅವಳು ಬೆರಳಮ್ಮನ ಮುಂದೆ ಬಂದು ಕೂತು, "ಆವತ್ತು ಬಾಗಿಲು ಹಾಕಿದ್ದಕ್ಕೆ ತಪ್ಪಾಯ್ತು. ತಗೊಳ್ಳಿ, ಯಾವ್ದು ಬೇಕೋ ಅದು" ಎಂದು ಹತ್ತೂ ಬೆರಳು ಚಾಚಿದಳು.

ಕೊನೆಯ ಮಾತ್ರೆ ನುಂಗಿದ ದಿನ ಸೈರನ್ ಶೆಡ್ಡಿಗೆ ಹೋಗಿ ಆಯಮ್ಮನ ಲೋಟ ತೆಗೆದು ತಿಕ್ಕಿದ. ಮಣ್ಣು, ಬೂದಿ, ಸೀಮೆಎಣ್ಣೆ, ಯಾವುದಕ್ಕೂ ಚುಕ್ಕೆ ಜಗ್ಗಲಿಲ್ಲ. ಗಾಡಿಯ ಪೇಂಟ್ ಅಲ್ಲವೇ. ಆಗ ಡಬ್ಬಿ ಬಿಚ್ಚಿ, ಉಳಿದ ಹದಿಮೂರು ಲೋಟಗಳ ತಳಕ್ಕೂ ಒಂದೊಂದು ಕೆಂಪು ಚುಕ್ಕೆ ಇಟ್ಟ. ಸಾಹೇಬರ ಪಿಂಗಾಣಿ ಕಪ್ಪಿಗೆ ಎರಡು.

ಮರುದಿನ ಆಯಮ್ಮ ಲೋಟಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ಎರಡು ವರ್ಷವೂ ಅವಳಿಗೆ ಗೊತ್ತಿತ್ತು.

"ಇದ್ರಲ್ಲಿ ನಂದು ಯಾವ್ದು ಅಂತ ಹೆಂಗಪ್ಪಾ ಗೊತ್ತಾಗೋದು?"

"ಗೊತ್ತಾಗ್ಬಾರ್ದು ಆಯಮ್ಮ" ಎಂದ ಸೈರನ್. ಅವಳ ಮುಖ ನೋಡಲು ಮಾತ್ರ ಅವನಿಗೆ ಆಗಲಿಲ್ಲ.

ಆಯಮ್ಮ ಕೈಗೆ ಸಿಕ್ಕಿದ ಲೋಟ ಎತ್ತಿಕೊಂಡು ಅವನ ಮುಂದೆ ಹಿಡಿದಳು. "ಹಂಗಾದ್ರೆ ಸಕ್ಕರೆ ಜಾಸ್ತಿ ಹಾಕು. ಎರಡು ವರ್ಷದ್ದು ಬಾಕಿ ಇದೆ."

ಸೈರನ್ನನ ಫಲಿತಾಂಶ ಏನು ಬಂತು? ಆಯಮ್ಮನದು? ಕೇಳಬೇಕು ಅಂತ ನಾಲಿಗೆ ತುದಿಗೆ ಬಂದಿದೆಯಲ್ಲವೇ? ಅದು ನಿಮಗೆ ಸಂಬಂಧಿಸಿದ್ದಲ್ಲ. ಚುಕ್ಕೆ ಇಟ್ಟದ್ದು ಇದೇ ಕುತೂಹಲ. ಈಗ ಎದ್ದು ನಿಮ್ಮ ಮನೆಯ, ನಿಮ್ಮ ಆಫೀಸಿನ ಲೋಟಗಳನ್ನು ತಿರುಗಿಸಿ ನೋಡಿ. ಆಮೇಲೆ ಹತ್ತಿರದ ಆಸ್ಪತ್ರೆಗೆ ಹೋಗಿ, ನೆಪ ಹೇಳದೆ, ಬೆರಳು ಚಾಚಿ.